ಗಡ್ಡ ನೆನೆಯುವಷ್ಟು ವಿಜ್ಞಾನ

ನಮ್ಮ ಪ್ರೊಫೆಸರನಿಗೆ ಆ ಪದವಿಯನ್ನು ಯಾವ ವಿಶ್ವವಿದ್ಯಾಲಯವೂ ಕೊಟ್ಟದ್ದಲ್ಲ. ಅವನ ಮುಂದೆ ಕತ್ತು ಬಗ್ಗಿಸಿ ಕೂತವರು ಕೊಟ್ಟದ್ದು. ಬೆನ್ನ ಹಿಂದೆ ನಿಂತವನ ಕೈಯಲ್ಲಿ ಕತ್ತಿ ಇರುವಾಗ ಯಾರಾದರೂ ಯಾವ ಪದವಿಯನ್ನಾದರೂ ಕೊಡುತ್ತಾರೆ. ಅವನದು ಬೀದಿಯ ಮೂಲೆಯ ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಹೊರಗೊಂದು ಬೆಂಚು, ಹಿಂದಿನ ಪರದೆ ಸರಿಸಿದರೆ ಅವನ ಮನೆ. ಎರಡು ಕುರ್ಚಿಗಳಲ್ಲಿ ಒಂದರ ಸ್ಪ್ರಿಂಗು ಸತ್ತಿದ್ದರಿಂದ ಅದರಲ್ಲಿ ಕೂತವರು ಕ್ಷೌರ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿದ ಹಾಗೆ ಮೆಲ್ಲಗೆ ಕನ್ನಡಿಯಿಂದ ಕೆಳಗಿಳಿದು ಹೋಗುತ್ತಿದ್ದರು.

ಬಂದವರ ಕೂದಲಿನ ಜೊತೆಗೆ ಅಜ್ಞಾನವನ್ನೂ ಕತ್ತರಿಸಿ ಕಳಿಸುವುದು ತನ್ನ ಹೊಣೆ ಎಂದು ಪ್ರೊಫೆಸರ್ ನಂಬಿದ್ದ. ಅವನು ಕಲಿಯುತ್ತಿದ್ದ ಕ್ರಮವೂ ಅವನ ಕಸುಬಿನೊಳಗಿಂದಲೇ ಬಂದದ್ದು. ಗಿರಾಕಿಯ ಕೆನ್ನೆಗೆ ಬ್ರಷ್ಷಿನಿಂದ ನೊರೆ ಬಳಿದ ಮೇಲೆ ಗಡ್ಡ ನೆನೆಯಲು ಸ್ವಲ್ಪ ಹೊತ್ತು ಬಿಡಬೇಕು. ಆ ಹೊತ್ತಿನಲ್ಲಿ ಪೌಡರ್ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ತನ್ನ ಮೆಚ್ಚಿನ ವಿಜ್ಞಾನ ಚಾನೆಲಿನವನ ಒಂದು ವಿಡಿಯೋ ಹಚ್ಚುತ್ತಿದ್ದ. ಗಡ್ಡ ನೆನೆಯಿತೆಂದರೆ ವಿಡಿಯೋ ಬಂದ್, ಕತ್ತಿ ಶುರು. ಮುಂದಿನ ಗಿರಾಕಿಗೆ ಮುಂದಿನ ವಿಡಿಯೋ. ಹೀಗಾಗಿ ಜಗತ್ತಿನಲ್ಲಿ ಹೊಸದಾಗಿ ಹುಟ್ಟುವ ಯಂತ್ರಗಳ ತಲೆಯೆಲ್ಲ ಅವನಿಗೆ ಗೊತ್ತಿತ್ತು, ಬಾಲ ಮಾತ್ರ ಗೊತ್ತಿರಲಿಲ್ಲ. ಡ್ರೈವರ್ ಇಲ್ಲದ ಕಾರು ಹೊರಡುವುದನ್ನು ನೋಡಿದ್ದ. ಅದು ನಿಂತಿತೋ ಇಲ್ಲವೋ ಅವನಿಗೆ ತಿಳಿಯದು. ಯಂತ್ರ ಪೇಸ್ಟು ಹಿಂಡಿದ ಹಾಗೆ ಮನೆಯ ಗೋಡೆ ಎಬ್ಬಿಸುವುದನ್ನು ನೋಡಿದ್ದ. ಸೂರು ಬರುವಷ್ಟರಲ್ಲಿ ಗಡ್ಡ ನೆನೆದಿತ್ತು. ಹಸುವಿಲ್ಲದೆ ಹಾಲು ಮಾಡುತ್ತಾರಂತೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಕುಡಿದವರು ಏನಂದರು ಎಂದು ಕೇಳಿದರೆ, ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಬಿಡಿ ಎಂದು ಗಿರಾಕಿಯ ತಲೆಯನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತಿದ್ದ.

ಬೀದಿಯಲ್ಲಿ ಬೇರೆ ಬಲ್ಲವರು ಇರಲಿಲ್ಲವೆಂದಲ್ಲ. ನಿವೃತ್ತ ಮೇಷ್ಟ್ರು ದಿನಾ ಬೆಳಿಗ್ಗೆ ಅಂಗಡಿಯ ಬೆಂಚಿನಲ್ಲಿ ಕೂತು ಅಂಗಡಿಯ ಪೇಪರನ್ನೇ ಓದುತ್ತಿದ್ದರು. ಅಚ್ಚಾದದ್ದನ್ನು ಮಾತ್ರ ನಂಬುವವರು ಅವರು. ಆದರೆ ಕತ್ತಿಯ ನೊರೆ ಒರೆಸಲು ಪ್ರೊಫೆಸರ್ ಬೆಳಿಗ್ಗೆಯೇ ಒಳಗಿನ ಹಾಳೆಗಳನ್ನು ಹರಿದಿಟ್ಟುಕೊಳ್ಳುತ್ತಿದ್ದರಿಂದ, ಮೊದಲ ಪುಟದಲ್ಲಿ ಶುರುವಾದ ಸುದ್ದಿ ಏಳನೇ ಪುಟಕ್ಕೆ ಹೋಗಿ ಏನಾಯಿತೆಂಬುದು ಅವರಿಗೂ ಬಗೆಹರಿಯದ ಸಂಗತಿಯೇ. ಎಲ್ಲ ಸುದ್ದಿಯ ಕೊನೆಯೂ ಯಾರದೋ ಗಡ್ಡದ ನೊರೆಯೊಳಗೆ ಮುದುಡಿ ಬಿದ್ದಿರುತ್ತಿತ್ತು.

ಇಂಥ ವಿದ್ವಾಂಸನ ಮನೆಗೆ ಅವನ ಮಾವ, ಹೆಂಡತಿಯ ತಂದೆ, ಬಂದರು.

ಮಾವ ಜೀವಮಾನವೆಲ್ಲ ಪತ್ರಿಕೆಯ ಅಚ್ಚಿನ ಮನೆಯಲ್ಲಿ ದೊಡ್ಡ ಯಂತ್ರ ನಡೆಸಿದವರು. ಆ ಯಂತ್ರ ಊರಿಗೆಲ್ಲ ಸುದ್ದಿ ಕೊಟ್ಟು ಇವರ ಕಿವಿಯನ್ನು ತಾನಿಟ್ಟುಕೊಂಡಿತ್ತು. ಬಹಳ ವರ್ಷಗಳಿಂದ ಮಾವನೊಡನೆ ಮಾತೆಂದರೆ ಕೈಸನ್ನೆ, ಇಲ್ಲವೇ ಗಂಟಲು ಹರಿಯುವ ಕೂಗು. ಕಿವಿ ಆಸ್ಪತ್ರೆ ಮಗಳ ಮನೆಗೆ ಹತ್ತಿರವೆಂದು ಬಂದವರು, ಕಿವಿಗೆ ಮಷೀನು ಹೊಂದುವ ತನಕ ಇಲ್ಲೇ ಇರುವುದೆಂದಾಯಿತು. ಬಂದವರಿಗೆ ಒಳ್ಳೆಯ ಮಂಚ ಬಿಟ್ಟುಕೊಟ್ಟ ಪ್ರೊಫೆಸರ್ ಅಂಗಡಿಯ ಬೆಂಚನ್ನು ಒಳಗೆಳೆದು ಮಲಗುತ್ತಿದ್ದ. ಬೆಂಚಿನ ಮೇಲೆ ಹೊರಳಿದಾಗಲೆಲ್ಲ, ಮಾವ ಎಂದು ಹೊರಡುತ್ತಾರೋ ಎಂಬ ಯೋಚನೆಯೂ ಅವನ ಜೊತೆ ಹೊರಳುತ್ತಿತ್ತು. ಬಾಯಿಬಿಟ್ಟು ಹೇಳುವಷ್ಟು ಕೆಟ್ಟವನಲ್ಲ.

ಆಸ್ಪತ್ರೆಯ ಕಿವಿ ವಿಭಾಗದ ಮೇಡಂ ಕಡಲೆಕಾಳಿನಷ್ಟು ದೊಡ್ಡ ಎರಡು ಮಷೀನುಗಳನ್ನು ಮಾವನ ಕಿವಿಗಳ ಹಿಂದೆ ಕೂರಿಸಿ, ಅದರ ಆ್ಯಪನ್ನು ಪ್ರೊಫೆಸರನ ಫೋನಿಗೆ ಹಾಕಿಕೊಟ್ಟರು, ಮಾವನದು ಹಳೆಯ ಗುಂಡಿ ಫೋನು ಎಂಬ ಕಾರಣಕ್ಕೆ. ಆಮೇಲೆ ತಾಳ್ಮೆಯಿಂದ ಎಲ್ಲವನ್ನೂ ವಿವರಿಸತೊಡಗಿದರು. ಇದರೊಳಗೊಂದು ಪುಟ್ಟ ಕಂಪ್ಯೂಟರ್ ಇದೆ, ಸುತ್ತಲಿನ ಗದ್ದಲದೊಳಗೆ ಇವರಿಗೆ ಯಾವುದು ಕೇಳಬೇಕೋ ಅದನ್ನು ಅದೇ ಊಹಿಸಿ ಎತ್ತಿಕೊಡುತ್ತದೆ ಎಂದರು. ಪ್ರೊಫೆಸರ್ ಪ್ರತಿ ಮಾತಿಗೂ ಗೊತ್ತು ಗೊತ್ತು ಎಂದು ತಲೆಯಾಡಿಸುತ್ತ, ತನಗೆಷ್ಟು ಗೊತ್ತು ಎಂದು ತೋರಿಸಲು ಆ್ಯಪಿನ ಗುಂಡಿಗಳನ್ನು ಒತ್ತುತ್ತ ಹೋದ. ಹಾಗೆ ಒತ್ತಿದ್ದರಲ್ಲಿ ಒಂದು ಗುಂಡಿಯ ಕೆಲಸವನ್ನು ಮೇಡಂ ಹೇಳುತ್ತಿದ್ದಾಗಲೇ ಅವನು ಮುಂದಿನ ಗುಂಡಿಗೆ ಹೋಗಿದ್ದ. ಹೊಂದದಿದ್ದರೆ ಈ ತಿಂಗಳೊಳಗೆ ವಾಪಸ್ ತನ್ನಿ ಎಂಬ ಕೊನೆಯ ಮಾತೊಂದು ಕಿವಿಗೆ ಬಿತ್ತು.

ಮನೆಗೆ ಬಂದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ಅಭ್ಯಾಸಬಲದಿಂದ ಕೈಯಾಡಿಸುತ್ತ, ಬಾಯಿಯಲ್ಲಿ ಮೆಲ್ಲಗೆ, "ಸುಸ್ತಾಯ್ತಾ ಅಪ್ಪ?" ಅಂದಳು.

ಮಾವ ಮೆಟ್ಟಿಲ ಮೇಲೇ ನಿಂತುಬಿಟ್ಟರು. "ಇನ್ನೊಂದ್ಸಲ ಹೇಳು," ಅಂದರು. ಅವಳು ಹೇಳಿದಳು. "ನಿನ್ನ ದನಿ ನಿಮ್ಮಮ್ಮನ ದನಿ ಆಗಿಬಿಟ್ಟಿದೆಯಲ್ಲೇ. ಯಾವಾಗ ಆಯ್ತು ಇದು? ನಂಗೆ ಯಾರೂ ಹೇಳ್ಲೇ ಇಲ್ಲ."

ಅವತ್ತೆಲ್ಲ ಮಾವ ಮನೆಯಲ್ಲಿ ಮ್ಯೂಸಿಯಮ್ಮಿಗೆ ಬಂದವರಂತೆ ತಿರುಗಿದರು. ನಲ್ಲಿ ತೊಟ್ಟಿಕ್ಕುವುದನ್ನು ಕೂತು ಕೇಳಿದರು. ಚಪ್ಪಲಿ ನೆಲಕ್ಕೆ ಉಜ್ಜುವುದನ್ನು ಕೇಳಲು ಅದೇ ಹಜಾರವನ್ನು ಮತ್ತೆ ಮತ್ತೆ ದಾಟಿದರು. ಬಾಗಿಲಿನ ಕೀಲು ಕಿರುಗುಟ್ಟುತ್ತದೆ, ಎಣ್ಣೆ ಹಾಕುತ್ತೇನೆ ಎಂದ ಅಳಿಯನ ಕೈಯಿಂದ ಎಣ್ಣೆಯ ಡಬ್ಬಿಯನ್ನೇ ಕಿತ್ತಿಟ್ಟುಕೊಂಡರು. ಅದಕ್ಕಿಂತ ಅಚ್ಚರಿಯೆಂದರೆ ಪರದೆಯ ಈಚೆ ಮಂಚದ ಮೇಲೆ ಕೂತರೂ ಅಂಗಡಿಯೊಳಗಿನ ಪಿಸುಮಾತು ಅವರ ಕಿವಿಯಲ್ಲೇ ಆಡಿದಂತೆ ಕೇಳುತ್ತಿತ್ತು. ಕಿವಿ ನೆಟ್ಟಗಿದ್ದವರಿಗೆಲ್ಲ ಹೀಗೇ ಕೇಳಿಸುತ್ತದೆ, ಪಾಪ, ಹೇಗೆ ನಿದ್ದೆ ಮಾಡುತ್ತಾರೋ ಎಂದುಕೊಂಡು ಸುಮ್ಮನಾದರು. ಒಂದೇ ಒಂದು ತಕರಾರು ಮಾತ್ರ ಮಗಳ ಹತ್ತಿರ ಹೇಳಿಕೊಂಡರು: ಯಾರೋ ಒಬ್ಬ ಕಿವಿಯಲ್ಲಿ ಬಹಳ ಉತ್ಸಾಹದಿಂದ ಏನನ್ನೋ ಹೇಳಲು ಶುರುಮಾಡುತ್ತಾನೆ, ಅರ್ಧಕ್ಕೇ ಬಾಯಿ ಮುಚ್ಚುತ್ತಾನೆ, ದಿನಕ್ಕೆ ಎಷ್ಟೋ ಸಲ ಹೀಗೇ, ಯಾರವನು?

ಅತ್ತ ಅಂಗಡಿಯಲ್ಲಿ ಉಪನ್ಯಾಸ ನಡೆದಿತ್ತು. ಮನುಷ್ಯನ ಮನಸ್ಸಿನಲ್ಲಿರುವುದನ್ನು ಓದುವ ಯಂತ್ರ ಬಂದೇಬಿಟ್ಟಿದೆಯೇ ಎಂದು ಕೇಳುವ ವಿಡಿಯೋ ಒಂದನ್ನು ಪ್ರೊಫೆಸರ್ ಕೆಲವು ಗಡ್ಡಗಳ ಹಿಂದೆ ನೋಡಿದ್ದ. ಅದರಲ್ಲೂ ಕಿವಿಯ ಹಿಂದೆ ಏನೋ ಅಂಟಿಸಿದ್ದರು. ಇಲ್ಲಿ ಮೇಡಂ ಸ್ವತಃ ಊಹಿಸುತ್ತದೆ ಅಂದಿದ್ದಾರೆ. ಎರಡೂ ಕೂಡಿದರೆ ಉಳಿದದ್ದು ಏನು? ಮಾವನ ಮಷೀನು ಬರೀ ಮಾತನ್ನಲ್ಲ, ಮಾತಾಗುವ ಮೊದಲಿನದನ್ನೂ ಹಿಡಿಯುತ್ತದೆ ಎಂದು ಅವನು ಸಾರಿದ. ಮೇಷ್ಟ್ರು ನಕ್ಕರು. ಅಚ್ಚಾಗಲಿ, ಆಮೇಲೆ ನಂಬುತ್ತೇನೆ ಎಂದರು.

ನಂಬಿಕೆಯ ಮೊದಲ ಬಲಿ ಟೈಲರ್. ಅವನ ಅಂಗಡಿ ಎದುರುಗಡೆ. ಮೇಷ್ಟ್ರ ಹೊಸ ಕೋಟಿನ ತೋಳನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟು, ಇವತ್ತು ನಾಳೆ ಎಂದು ಸಾಗಹಾಕುತ್ತಿದ್ದ ಸಂಗತಿ ಅವನಿಗೂ ಅವನ ಕತ್ತರಿಗೂ ಮಾತ್ರ ಗೊತ್ತು. ಅವನ ಕೆನ್ನೆಗೆ ನೊರೆ ಬಳಿದು ಪ್ರೊಫೆಸರ್ ಬಿಸಿನೀರಿಗೆಂದು ಒಳಗೆ ಹೋದ. ಕನ್ನಡಿಯ ಮುಂದೆ ಒಬ್ಬನೇ ಕೂತ ಮನುಷ್ಯ ತನಗೆ ಅರಿವಿಲ್ಲದೆ ತನ್ನೊಡನೆ ಗೊಣಗುತ್ತಾನೆ. ಇದು ಕ್ಷೌರದ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಟೈಲರೂ ಗೊಣಗಿದ. ಪೌಡರ್ ಡಬ್ಬಿಗೆ ಒರಗಿದ್ದ ಫೋನು ಅದನ್ನು ಕೇಳಿಸಿಕೊಂಡಿತು.

ಕ್ಷೌರ ಮುಗಿಸಿ ಹೊರಬಂದಾಗ ಮಾವ ಬಾಗಿಲಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟರು. "ತೋಳು ಗಿಡ್ಡ ಆದ್ರೆ ಏನಂತೆ, ತುದಿಗೆ ಬೇರೆ ಬಟ್ಟೆ ಪಟ್ಟಿ ಕೊಡಪ್ಪ. ಮೇಷ್ಟ್ರು ಅದೇ ಹೊಸ ಫ್ಯಾಷನ್ ಅಂದ್ಕೋತಾರೆ. ಅಷ್ಟಕ್ಕೆಲ್ಲ ಅಂಗಡಿ ಎತ್ಕೊಂಡು ಬೇರೆ ಬೀದಿಗೆ ಹೋಗ್ತೀನಿ ಅನ್ಬಾರ್ದು."

ಟೈಲರ್ ಅಲ್ಲೇ ಗೋಡೆ ಹಿಡಿದುಕೊಂಡ. ಬಾಯಿ ಬಿಟ್ಟಿರಲಿಲ್ಲ ಎಂದು ಅವನು ತನ್ನ ಹೊಲಿಗೆ ಯಂತ್ರದ ಮೇಲೆ ಆಣೆ ಮಾಡಿ ಹೇಳಬಲ್ಲವನಾಗಿದ್ದ. ಅಂಗಡಿಗೆ ಓಡಿಹೋಗಿ ಮೊದಲು ನೀರು ಕುಡಿದ, ಆಮೇಲೆ ಫೋನು ತೆಗೆದ. ಬಂದ ಸಂದೇಶವನ್ನು ಕೊನೆಯವರೆಗೆ ಓದುವ ಮೊದಲೇ ಹತ್ತು ಮಂದಿಗೆ ದಾಟಿಸುವುದು ಅವನ ಅಭ್ಯಾಸ. ಈ ಸಲ ತಾನೇ ಬರೆದದ್ದನ್ನೂ ಬರೆದು ಮುಗಿಸುವ ಮೊದಲೇ ದಾಟಿಸಿದ.

ಮಧ್ಯಾಹ್ನದ ಹೊತ್ತಿಗೆ ಮಹಡಿಯ ಓನರಮ್ಮನವರು ಕೆಳಗಿಳಿದು ಬಂದರು. ಅವರ ಮನೆಯಲ್ಲಿ ಟಿವಿ ಸದಾ ಉರಿಯುತ್ತಿತ್ತು, ಆದರೆ ಸದಾ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದರಿಂದ ಟಿವಿಯ ದನಿ ಬಂದಾಗಿರುತ್ತಿತ್ತು. ಪರದೆಯ ಕೆಳಗೆ ಓಡುವ ಕೆಂಪು ಅಕ್ಷರಗಳಷ್ಟೇ ಅವರ ಜಗತ್ತು. ಮೊನ್ನೆಯೇ ಓಡಿತಂತೆ: ಮನಸ್ಸಿಗೂ ಬಂತು ಕನ್ನ, ಪ್ರಶ್ನೆಯ ಗುರುತು. ಪ್ರಶ್ನೆಯ ಗುರುತನ್ನು ಓನರಮ್ಮ ಎಂದೂ ಲೆಕ್ಕಕ್ಕೆ ಹಿಡಿದವರಲ್ಲ. ಬಾಡಿಗೆಗೆ ಕೊಟ್ಟದ್ದು ಕ್ಷೌರಕ್ಕೆ, ಮನಸ್ಸು ಓದುವುದಕ್ಕಲ್ಲ ಎಂದು ಪ್ರೊಫೆಸರನಿಗೆ ಹೇಳಿ, ಹೇಳುವಾಗ ಮನಸ್ಸಿನಲ್ಲಿದ್ದದ್ದು ಕಾಣದಿರಲೆಂದು ತಲೆಯ ಮೇಲೆ ಸ್ಟೀಲಿನ ಬೋಗುಣಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಲೋಹ ಅಡ್ಡ ಬಂದರೆ ಮಷೀನಿಗೆ ಓದಲು ಬರುವುದಿಲ್ಲ ಎಂದು ಅಷ್ಟರಲ್ಲಿ ಯಾರೋ ದಾಟಿಸಿದ್ದರು. ಅದನ್ನು ನೋಡಿದ ಟೈಲರ್ ಒಳಗೆ ಬೆಳ್ಳಿ ಹಾಳೆಯ ಅಸ್ತರಿ ಹಾಕಿ ಟೋಪಿ ಹೊಲಿಯತೊಡಗಿದ. ಮೇಷ್ಟ್ರ ಕೋಟು ಇನ್ನಷ್ಟು ಹಿಂದೆ ಬಿತ್ತು.

ಮೇಷ್ಟ್ರು ಟೋಪಿ ಕೊಳ್ಳಲಿಲ್ಲ. ಆದರೆ ಒಂದು ಬೆಳಿಗ್ಗೆ ಮೊದಲ ಪುಟದಲ್ಲೇ, ಮೆದುಳಿನ ಸಂಕೇತ ಓದುವತ್ತ ವಿಜ್ಞಾನಿಗಳ ಹೆಜ್ಜೆ ಎಂದು ಅಚ್ಚಾಗಿಬಿಟ್ಟಿತು. ಮುಂದಿನ ಭಾಗ ಏಳನೇ ಪುಟಕ್ಕೆ. ಏಳನೇ ಪುಟ ಆಗಲೇ ಯಾರದೋ ದವಡೆ ಒರೆಸಿ ಬುಟ್ಟಿಯಲ್ಲಿತ್ತು. ಅಲ್ಲಿಂದಾಚೆಗೆ ಮೇಷ್ಟ್ರು ಮಾವನ ಮುಂದೆ ಹಾಯಬೇಕಾದರೆ ಮನಸ್ಸಿನಲ್ಲೇ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ನಡುವೆ ತಪ್ಪಿದರೆ ಮಾವನಿಗೆ ಗೊತ್ತಾಗುತ್ತದಲ್ಲ ಎಂಬ ನಾಚಿಕೆಗೆ ಹಿಂದಿರುಗಿ ಹೋಗಿ, ಮೊದಲಿಂದ ಶುರುಮಾಡಿ, ಮತ್ತೆ ಹಾಯುತ್ತಿದ್ದರು.

ಓನರಮ್ಮನ ದೂರಿನ ಮೇಲೆ ವಾರ್ಡಿನ ಸಾಹೇಬರು ಬಂದರು. ಅಂಗಡಿಗಳ ಲೈಸೆನ್ಸು ನೋಡುವವರು. ಕ್ಷೌರದ ಲೈಸೆನ್ಸಿನಲ್ಲಿ ಮನಸ್ಸು ಓದಲು ಅವಕಾಶವಿದೆಯೇ ಎಂದು ಗಟ್ಟಿಯಾಗಿ ವಿಚಾರಿಸಿ, ಬಂದದ್ದು ಬಂದಾಯಿತು ಎಂದು ಗಡ್ಡಕ್ಕೂ ಕೂತರು. ನಿಮಗೆ ಹೆದರಿಕೆಯಿಲ್ಲವೇ ಸಾಹೇಬರೇ ಎಂದು ಪ್ರೊಫೆಸರ್ ಕೇಳಿದ.

"ನಂಗೇನು ಹೆದರಿಕೆ? ಆಫೀಸ್ ಟೈಮಲ್ಲಿ ನಾನು ಮನಸ್ಸಲ್ಲಿ ಏನೂ ಇಟ್ಕೊಳಲ್ಲ."

ಅದು ಬೀದಿಗೆಲ್ಲ ಗೊತ್ತಿದ್ದದ್ದೇ. ಅರ್ಧ ಮುಖ ಕೆರೆದ ಮೇಲೆ ಬ್ಲೇಡು ಮುಗಿಯಿತೆಂದು ಪ್ರೊಫೆಸರ್ ಫೋನನ್ನು ಅಲ್ಲೇ ಬಿಟ್ಟು ಹೊಸ ಪೊಟ್ಟಣ ತರಲು ಹೊರಗೆ ಹೋದ. ಸಾಹೇಬರು ಕನ್ನಡಿಯೊಡನೆ ಒಬ್ಬರೇ ಉಳಿದರು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು, ಮಾವನ ಮುಖ ಕಾಣಿಸಿತು. "ಹೌದು ಸಾಹೇಬ್ರೆ, ನೀವು ಅನ್ನೋದು ಸರಿ. ಈ ಅಂಗಡಿ ಮುಚ್ಚಿಸಿದ್ರೆ ನಿಮಗೆ ಇಷ್ಟು ನುಣ್ಣಗೆ ಯಾರು ಮಾಡ್ತಾರೆ ಹೇಳಿ," ಎಂದು ಮಾವ ನಂಟರೊಡನೆ ಮಾತಾಡುವಂತೆ ಹೇಳಿದರು. ಸಾಹೇಬರು ಕೊರಳ ಬಿಳಿ ಬಟ್ಟೆಯ ಸಮೇತ ಎದ್ದು ಹೊರಟರು. ಒಂದು ಕೆನ್ನೆ ಸರ್ಕಾರಿ ನಯದಲ್ಲಿ ಹೊಳೆಯುತ್ತ, ಇನ್ನೊಂದು ನೊರೆಯೊಳಗೆ ಮುಳುಗಿ, ಅವರು ಬೀದಿಯುದ್ದ ಓಡಿದ್ದನ್ನು ಕಂಡವರಿಗೆ ಮತ್ತೆ ಯಾವ ಪುರಾವೆಯೂ ಬೇಕಾಗಲಿಲ್ಲ.

ಪ್ರೊಫೆಸರನಿಗೆ ಒಳಗೊಳಗೇ ಹೆಮ್ಮೆ. ತಾನು ಹೇಳಿದ್ದೊಂದು ಜೀವಮಾನದಲ್ಲಿ ಮೊದಲ ಸಲ ನಿಜವಾಗಿ ಕಣ್ಣೆದುರು ನಡೆಯುತ್ತಿದೆ. ಜೊತೆಗೆ ದಿಗಿಲು. ರಾತ್ರಿಯೆಲ್ಲ ಬೆಂಚಿನ ಮೇಲೆ ಹೊರಳುವಾಗ ಜೊತೆಗೆ ಹೊರಳುವ ಆ ಯೋಚನೆ ಮಾವನ ಕಿವಿಗೆ ಬಿದ್ದಿದ್ದರೆ? ಊಟಕ್ಕೆ ಕೂತಾಗ ಅವನು ಮನಸ್ಸಿನಲ್ಲೇ, ಮಾವ ಬಹಳ ಒಳ್ಳೆಯವರು, ಮಾವ ಬಹಳ ಒಳ್ಳೆಯವರು ಎಂದು ಹೇಳಿಕೊಳ್ಳುತ್ತ ಉಣ್ಣತೊಡಗಿದ. ಅದಕ್ಕೆ ಮುಖ ಎಷ್ಟು ವಿಚಿತ್ರವಾಗುತ್ತಿತ್ತೆಂದರೆ, ಅಡುಗೆಯಲ್ಲಿ ಏನು ಕೆಟ್ಟಿದೆ ಬಾಯಿಬಿಟ್ಟು ಹೇಳಿ ಎಂದು ಹೆಂಡತಿ ಜಗಳಕ್ಕೇ ನಿಂತಳು.

ಹೀಗಿರುವಾಗ ಬೀದಿ ಮೌನವಾಯಿತು. ಬೆಂಚು ಖಾಲಿಯಾಯಿತು. ಅಂಗಡಿ ದಾಟುವವರು ಆಚೆಯ ಬದಿಗೆ ಹೋಗಿ, ತುಟಿ ಬಿಗಿಹಿಡಿದು, ತಲೆಯ ಮೇಲಿನ ಬೆಳ್ಳಿ ಹಾಳೆಯನ್ನು ಒತ್ತಿಕೊಂಡು ನಡೆದರು. ಮಾತು ಕೇಳಬೇಕೆಂಬ ಆಸೆಗೆ ಮಾವ ಬೆಳಿಗ್ಗೆಯೇ ಮುಖ ತೊಳೆದು, ಒಳ್ಳೆಯ ಅಂಗಿ ತೊಟ್ಟು ಬೆಂಚಿಗೆ ಬಂದು ಕೂರುತ್ತಿದ್ದರು. ಯಾರಾದರೂ ಬರುತ್ತಾರೆಂದು ಪಕ್ಕದಲ್ಲಿ ಜಾಗ ಬಿಟ್ಟಿರುತ್ತಿದ್ದರು. ಮಷೀನಿನ ಸಣ್ಣ ಗುಂಡಿಯನ್ನು ತಿರುಗಿಸಿ ದನಿ ಹೆಚ್ಚಿಸಿದರು. ಇನ್ನೂ ಹೆಚ್ಚಿಸಿದರು. ನಲ್ಲಿ ಕೇಳಿತು, ಕೀಲು ಕೇಳಿತು, ದೂರದ ಹೊಲಿಗೆ ಯಂತ್ರ ಕೇಳಿತು. ಮನುಷ್ಯರು ಕೇಳಲಿಲ್ಲ.

ಒಂದು ಸಂಜೆ ಅವರು ಎರಡೂ ಮಷೀನುಗಳನ್ನು ಬಿಚ್ಚಿ ಮಗಳ ಅಂಗೈಯಲ್ಲಿಟ್ಟರು. "ಕೆಟ್ಟೋಗಿದೆ ಅನ್ಸುತ್ತೆ ಕಣೇ. ಮೊದಮೊದಲು ಎಲ್ಲಾರ ಮಾತೂ ಕೇಳ್ತಿತ್ತು. ಈಗ ಬೀದೀಲಿ ಯಾರ್ದೂ ಕೇಳಲ್ಲ. ವಾಪಸ್ ಕೊಟ್ಬಿಡಿ. ಮುಂಚೆ ಕೇಳ್ತಿರ್ಲಿಲ್ಲ, ಆದ್ರೆ ಜನ ಬಂದು ಪಕ್ಕದಲ್ಲಾದ್ರೂ ಕೂರ್ತಿದ್ರು."

ಮಗಳು ಗಂಡನ ಕಡೆ ನೋಡಿದಳು. ಆ ನೋಟವನ್ನು ಓದಲು ಯಾವ ಯಂತ್ರವೂ ಬೇಕಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮೇಡಂ ಮಷೀನುಗಳನ್ನು ಪರೀಕ್ಷಿಸಿ, ಏನೂ ಕೆಟ್ಟಿಲ್ಲ ಎಂದರು. ಮಾವ ನಂಬಲಿಲ್ಲ. ಮೊದಲು ಪರದೆಯಾಚೆಯ ಪಿಸುಮಾತೂ ಕೇಳುತ್ತಿತ್ತು ಎಂದರು. ಮೇಡಂ ಒಂದು ಕ್ಷಣ ಯೋಚಿಸಿ ಪ್ರೊಫೆಸರನ ಫೋನು ಕೇಳಿದರು. ಆ್ಯಪು ತೆರೆದರು. ಅದರಲ್ಲಿ ಒಂದು ಗುಂಡಿ ಹಸಿರಾಗಿ ಉರಿಯುತ್ತಿತ್ತು.

"ಇದನ್ನ ಯಾರು ಆನ್ ಮಾಡಿದ್ದು? ಇದು ಆನ್ ಇದ್ರೆ ಫೋನೇ ಮೈಕು. ಫೋನ್ ಎಲ್ಲಿರುತ್ತೋ ಅಲ್ಲಿನ ಮಾತು ಇವರ ಕಿವಿಗೆ ಬರುತ್ತೆ. ಅವತ್ತೇ ಹೇಳಿದ್ನಲ್ಲ, ನೀವು ಗೊತ್ತು ಅಂದ್ರಿ."

ಪ್ರೊಫೆಸರ್ ಫೋನನ್ನು ವಾಪಸ್ ಈಸಿಕೊಂಡ. ಹಾಗಾದರೆ ವಿಡಿಯೋದಲ್ಲಿ ತೋರಿಸಿದ ಹಾಗೆ ಇದು ಮನಸ್ಸನ್ನು ಓದುವುದಿಲ್ಲವೇ ಎಂದು, ಕೇಳಬಾರದ್ದನ್ನು ಕೇಳುವ ದನಿಯಲ್ಲಿ ಕೇಳಿದ.

"ಅಂಥದ್ದು ನನ್ಹತ್ರ ಇದ್ದಿದ್ರೆ ನಮ್ಮ ಯಜಮಾನ್ರ ಎದುರಿಗೆ ಹಾಕ್ಕೊಂಡು ಕೂತಿರ್ತಿದ್ದೆ ಕಣ್ರೀ," ಅಂದರು ಮೇಡಂ. ಆಮೇಲೆ ಅವನ ಮುಖ ನೋಡಿ ಕನಿಕರವಾಯಿತೋ ಏನೋ, ಆ ವಿಡಿಯೋವನ್ನು ಹುಡುಕಿಸಿ, ಹೊರಗಿನ ಬೆಂಚಿನಲ್ಲಿ ಕೂತು ಪೂರ್ತಿ ನೋಡಿ ಬನ್ನಿ ಎಂದು ಕಳಿಸಿದರು. ಮಾವ ಮಷೀನು ತೊಟ್ಟುಕೊಂಡು ಅಳಿಯನ ಪಕ್ಕದಲ್ಲೇ ಕೂತರು.

ಯಾರ ಗಡ್ಡವೂ ನೆನೆಯುತ್ತಿರಲಿಲ್ಲ. ವಿಡಿಯೋ ತಾನು ಎಂದೂ ದಾಟದ ಜಾಗವನ್ನು ದಾಟಿ ಮುಂದಕ್ಕೆ ಹೋಯಿತು. ಕಿವಿಯ ಹಿಂದೆ ಏನೋ ಅಂಟಿಸಿಕೊಂಡಿದ್ದ ಮನುಷ್ಯ ಕೊನೆಗೆ ಅದನ್ನು ತೆಗೆದು ಮೇಜಿನ ಮೇಲಿಟ್ಟು, ಇದು ಬರೀ ಗೊಂಬೆ ಎಂದ. ಅಂಥ ಯಂತ್ರ ಬಂದಿಲ್ಲ, ಮನುಷ್ಯನ ಮನಸ್ಸು ಅಷ್ಟು ಸುಲಭದ ಪುಸ್ತಕವಲ್ಲ ಎಂದ.

"ಓ, ಇವನೇನಾ," ಅಂದರು ಮಾವ, ಬಹಳ ದಿನದ ಗೆಳೆಯನನ್ನು ಕಂಡವರಂತೆ. "ದಿನಾ ಅರ್ಧಕ್ಕೇ ಬಿಟ್ಟುಹೋಗ್ತಿದ್ದ. ಪಾಪ, ಕೊನೇಲಿ ಸರಿಯಾಗೇ ಹೇಳ್ತಾನಲ್ಲ ಅಳಿಯಂದ್ರೆ."

ಪ್ರೊಫೆಸರ್ ಬೀದಿಗೆ ಬಂದವನೇ ಮನೆ ಮನೆಗೂ ಹೋಗಿ ಎಲ್ಲ ಸುಳ್ಳು ಎಂದು ಸಾರಿದ. ಹಿಂದೆ ಅವನ ಅರ್ಧ ಮಾತನ್ನೇ ಇಡಿಯಾಗಿ ನುಂಗಿದ್ದ ಜನ ಈಗ ಇಡೀ ಮಾತಿನಲ್ಲಿ ಅರ್ಧವನ್ನೂ ನಂಬಲಿಲ್ಲ. ಇವನ ಬಾಯಿಯಿಂದ ಹೀಗೆ ಹೇಳಿಸುತ್ತಿರುವುದೂ ಆ ಮಷೀನೇ ಎಂದ ಟೈಲರ್. ನಿಜವಲ್ಲದಿದ್ದರೆ ನಿಜವಲ್ಲ ಎಂದು ಹೇಳಿಕೊಂಡು ಯಾಕೆ ತಿರುಗುತ್ತೀ ಎಂದರು ಓನರಮ್ಮ, ಬೋಗುಣಿಯ ಕೆಳಗಿನಿಂದ. ಅಚ್ಚಿನಲ್ಲಿ ಬಂದರೆ ತೋರಿಸು ಎಂದರು ಮೇಷ್ಟ್ರು. ಅವನು ಸೋತು ಸುಣ್ಣವಾಗಿ ಬಂದು ಸ್ಪ್ರಿಂಗಿಲ್ಲದ ಕುರ್ಚಿಯಲ್ಲಿ ಕೂತು, ಕನ್ನಡಿಯಿಂದ ಮೆಲ್ಲಗೆ ಕೆಳಗಿಳಿಯತೊಡಗಿದ.

ಮಾವ ಪಕ್ಕದ ಕುರ್ಚಿಯಲ್ಲಿ ಕೂತರು. "ನಮ್ಮ ಅಚ್ಚಿನ ಮನೇಲೂ ಹೀಗೇ ಆಗ್ತಿತ್ತು. ತಪ್ಪು ಮೊದಲನೇ ಪುಟದಲ್ಲಿ ಈ ದಪ್ಪ ಅಕ್ಷರದಲ್ಲಿ ಬರೋದು. ತಿದ್ದುಪಡಿ ಒಳಪುಟದ ಮೂಲೇಲಿ, ಇರುವೆ ಸಾಲಿನ ಹಾಗೆ. ಯಾರು ಓದ್ತಾರೆ? ತಪ್ಪಿನಷ್ಟೇ ದಪ್ಪಗೆ ತಿದ್ದುಪಡಿ ಹಾಕ್ಬೇಕು. ಭಾನುವಾರ ಎಲ್ಲರನ್ನೂ ಕರೀರಿ. ಮಾವ ಎಲ್ಲರ ಮನಸ್ಸೂ ಬಹಿರಂಗವಾಗಿ ಓದ್ತಾರೆ ಅಂತ ಹೇಳಿ."

ಮನಸ್ಸು ಓದುತ್ತಾರೆಂದು ಹೆದರಿ ಓಡುತ್ತಿದ್ದ ಜನ, ಬೇರೆಯವರ ಮನಸ್ಸನ್ನೂ ಓದುತ್ತಾರೆಂದು ಕೇಳಿದ್ದೇ ಒಬ್ಬರೂ ತಪ್ಪದೆ ಬಂದರು. ಅಂಗಡಿ ತುಂಬಿ, ಬೆಂಚು ತುಂಬಿ, ಮೆಟ್ಟಿಲು ತುಂಬಿತು. ಒಂದು ಪಿಟ್ಟೆನ್ನುವ ಶಬ್ದವಿಲ್ಲ. ಟೋಪಿಗಳು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದ್ದವು. ಸಾಹೇಬರೂ ಬಂದಿದ್ದರು, ರಜೆಯ ದಿನವಾದ್ದರಿಂದ ಮನಸ್ಸಿನಲ್ಲಿ ಏನಾದರೂ ಇರಬಹುದೆಂದು ಬಾಗಿಲ ಹಿಂದೆ ನಿಂತಿದ್ದರು. ಮಾವ ಒಳ್ಳೆಯ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿಯ ಹಿಂದಿನ ಮಷೀನನ್ನು ಎರಡು ಬೆರಳಿನಿಂದ ಮುಟ್ಟಿಕೊಂಡರು. ಇದೇ ಕೊನೆಯ ಅವಕಾಶ ಎಂದು ಪ್ರೊಫೆಸರನಿಗೆ ಗೊತ್ತಿತ್ತು. ಇವತ್ತು ಕೆಟ್ಟರೆ ನಾಳೆ ಆ ಮಷೀನುಗಳು ಆಸ್ಪತ್ರೆಯ ಡಬ್ಬಿಗೆ, ಮಾವ ಮತ್ತೆ ಕೈಸನ್ನೆಗೆ.

"ಮೇಷ್ಟ್ರ ಮನಸ್ಸು ಕಾಣ್ತಿದೆ," ಅಂದರು ಮಾವ. "ಈ ಪೇಪರ್ ಓದೋದೆಲ್ಲ ದಂಡ, ಇನ್ನು ಕುಣಿಯೋದು ಕಲೀಬೇಕು ಅಂತಿದ್ದಾರೆ."

ಮೇಷ್ಟ್ರು ಏಳುವಾಗ ಹದಿಮೂರರ ಮಗ್ಗಿ ಬಾಯಿಗೇ ಬಂದುಬಿಟ್ಟಿತ್ತು. ತಾನು ಜನ್ಮದಲ್ಲಿ ಅಂಥದ್ದನ್ನು ನೆನೆದವನಲ್ಲ ಎಂದು ಅವರು ತೊದಲುತ್ತಿರುವಾಗಲೇ ಮಾವ ಮುಂದಕ್ಕೆ ಹೋದರು. ಸಾಹೇಬರು ನಾಳೆಯಿಂದ ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋಗುವುದೆಂದು ಗಟ್ಟಿಮನಸ್ಸು ಮಾಡಿದ್ದಾರೆ ಎಂದರು. ಜನರೊಳಗೆ ಗುಸುಗುಸು ಎದ್ದಿತು. ಮಷೀನಿನ ಮೇಲೆ ಮೊದಲ ಸಂಶಯ ಅಲ್ಲೇ ಹುಟ್ಟಿದ್ದು. ಟೈಲರ್ ಇವತ್ತೇ ಮೇಷ್ಟ್ರ ಕೋಟು ಮುಗಿಸಿ ಕೊಡಬೇಕೆಂದಿದ್ದಾನೆ ಎಂದರು. ಖಂಡಿತ ಇಲ್ಲ ಎಂದುಬಿಟ್ಟ ಟೈಲರ್, ಮೇಷ್ಟ್ರು ಅವನ ಕಡೆ ತಿರುಗಿದ ಮೇಲೆ ನಾಲಗೆ ಕಚ್ಚಿಕೊಂಡ.

"ಓನರಮ್ಮನವರು ದೊಡ್ಡ ಮನಸ್ಸಿನವರು. ಮುಂದಿನ ತಿಂಗಳಿಂದ ಎಲ್ಲರ ಬಾಡಿಗೆನೂ ಅರ್ಧ ಮಾಡ್ಬೇಕು ಅಂತ ನಿಶ್ಚಯ ಮಾಡಿದ್ದಾರೆ."

ಬೋಗುಣಿ ನೆಲಕ್ಕೆ ಬಿದ್ದು ಠಣಠಣ ಉರುಳಿತು. "ಸುಳ್ಳು! ಶುದ್ಧ ಸುಳ್ಳು. ಇದು ಮನಸ್ಸು ಓದೋ ಮಷೀನೇ ಅಲ್ಲ. ಟಿವಿಯವರು ಹೇಳಿದ್ದೂ ಸುಳ್ಳು. ಯಾರು ಹಬ್ಬಿಸಿದ್ದು ಇದನ್ನ?" ಅಂದರು ಓನರಮ್ಮ.

ಅಲ್ಲಿಗೆ ಕಟ್ಟೆ ಒಡೆಯಿತು. ಬಾಡಿಗೆದಾರರು ಮಾತ್ರ, ಇಲ್ಲ, ಮಷೀನು ಸರಿಯಾಗಿಯೇ ಓದಿದೆ ಎಂದು ವಾದಕ್ಕಿಳಿದರು. ಮೇಷ್ಟ್ರು ಟೈಲರನ ಕೊರಳಪಟ್ಟಿ ಹಿಡಿದು, ತೋಳು ಗಿಡ್ಡವಾದದ್ದನ್ನು ಬಾಯಿಬಿಡಿಸಿ, ಎಷ್ಟು ಗಿಡ್ಡ ಹೇಳು ಎಂದರು. ಟೋಪಿ ಕೊಂಡವರೆಲ್ಲ ಟೋಪಿ ಕಿತ್ತು ಟೈಲರನತ್ತ ಎಸೆದರು. ಹೊತ್ತಿಗೆ ಸರಿಯಾಗಿ ಹೋಗುತ್ತೀರಂತಲ್ಲ ಎಂದು ಸಾಹೇಬರನ್ನು ಮುತ್ತಿಕೊಂಡವರಿಗೆ ಅವರು ಅದೆಲ್ಲ ಅಪಪ್ರಚಾರ ಎಂದು ವಿವರಣೆ ಕೊಡುತ್ತಿದ್ದರು. ಅಷ್ಟು ದಿನ ಹಲ್ಲು ಕಚ್ಚಿ ಹಿಡಿದ ಮಾತೆಲ್ಲ ಒಂದೇ ಸಲಕ್ಕೆ ಹೊರಬಿದ್ದು, ಬೀದಿಗೆ ಬೀದಿಯೇ ಆ ಪುಟ್ಟ ಅಂಗಡಿಯೊಳಗೆ ಬೈದು, ನಕ್ಕು, ಕೂಗಿ, ಪಂಚಾಯಿತಿ ಮಾಡಿತು.

ನಡುವೆ ಮಾವ ಕಣ್ಣು ಮುಚ್ಚಿ ಕೂತೇ ಇದ್ದರು. ಯಾರ ದನಿ ಬಂದರೆ ಆ ಕಡೆಗೆ ಮುಖ ಒಂದಿಷ್ಟು ತಿರುಗುತ್ತಿತ್ತು, ಗಿಡ ಬೆಳಕಿಗೆ ತಿರುಗಿದ ಹಾಗೆ. ಓನರಮ್ಮನ ಕೀರಲು, ಮೇಷ್ಟ್ರ ಗೊಗ್ಗರು, ಟೈಲರನ ಅಳು, ಬಾಗಿಲಲ್ಲಿ ನಿಂತು ನಗುತ್ತಿದ್ದ ಮಗಳದು. ಇಷ್ಟು ಕೆಟ್ಟ ಗಲಾಟೆಯನ್ನು ಅಷ್ಟು ಭಕ್ತಿಯಿಂದ ಕೇಳುವ ಮುಖವನ್ನು ಪ್ರೊಫೆಸರ್ ಯಾವ ವಿಡಿಯೋದ ಯಾವ ಅರ್ಧದಲ್ಲೂ ನೋಡಿರಲಿಲ್ಲ. ಕೈಯಲ್ಲಿ ಬಾಚಣಿಗೆ ಹಿಡಿದು ನಿಂತವನು ನಿಂತೇ ಇದ್ದ. ಮೇಡಂ ಹೇಳಿದ ಆ ಪುಟ್ಟ ಕಂಪ್ಯೂಟರು ಇಷ್ಟು ಗದ್ದಲದೊಳಗೆ ಯಾವುದನ್ನು ಆರಿಸಿ ಕೊಡುತ್ತಿದೆಯೋ, ಮಾವನಿಗೆ ಎಲ್ಲವೂ ಬೇಕು ಎಂಬುದು ಅದಕ್ಕೆ ತಿಳಿದಿದೆಯೋ ಇಲ್ಲವೋ ಎಂದು ಅವನಿಗೆ ಅನಿಸಿತು.

ಆ ವಾರವೆಲ್ಲ ಬೆಂಚು ತುಂಬಿತ್ತು. ಮಷೀನು ಹೊಂದಿತು ಎಂದು ಆಸ್ಪತ್ರೆಗೆ ಹೇಳಿ ಬಂದರು. ಹೊಂದಿದ ಮೇಲೆ ಇರಲು ಮಾವನಿಗೆ ನೆಪವಿರಲಿಲ್ಲ; ಬಟ್ಟೆ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಹೊರಡುವ ಹಿಂದಿನ ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ಪ್ರೊಫೆಸರ್ ಅವರನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ಕೆನ್ನೆಗೆ ನೊರೆ ಬಳಿದ. ಗಡ್ಡ ನೆನೆಯಲೆಂದು ಬಿಟ್ಟ. ಫೋನು ಮುಟ್ಟಲಿಲ್ಲ. ಸುಮ್ಮನೆ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಮಾವನನ್ನು ನೋಡುತ್ತಿದ್ದ.

"ಬೆಂಚಿನ ಮೇಲೆ ಮಲಗಿ ಬೆನ್ನು ನೋಯ್ತದೆ ನಿಮಗೆ," ಅಂದರು ಮಾವ ಕನ್ನಡಿಯಲ್ಲಿ ಅವ‌ನನ್ನೇ ನೋಡುತ್ತ. "ಆದ್ರೂ ಈ ಮುದುಕ ಇಲ್ಲೇ ಇದ್ದುಬಿಟ್ರೆ ಚೆನ್ನಾಗಿತ್ತು, ಹೇಗಪ್ಪಾ ಬಾಯಿಬಿಟ್ಟು ಹೇಳೋದು ಅಂತಿದ್ದೀರಿ. ಆಗ್ಲಿ, ಇರ್ತೀನಿ. ಒಂದು ಹೊಸ ಮಂಚ ತರೋಣ."

ಪ್ರೊಫೆಸರನ ಕೈಯ ಬ್ರಷ್ಷು ಬಟ್ಟಲಿಗೆ ಬಿತ್ತು. ಅವನು ಅಂದುಕೊಳ್ಳುತ್ತಿದ್ದದ್ದು ಅದನ್ನೇ, ಆದರೆ ತುಟಿ ಅಲುಗಿಸಿರಲಿಲ್ಲ; ಗೊಣಗಿರಲೂ ಇಲ್ಲ. ಈ ಸಲ ಅವನು ಫೋನನ್ನು ತೆಗೆದು ನೋಡಿದ, ಗುಂಡಿ ಬಂದಾಗಿತ್ತು. ಬಗ್ಗಿ ಮಾವನ ಕಿವಿಯ ಹಿಂದೆ ನೋಡಿದ, ಆ ಕಿವಿಯ ಹಿಂದೆ ಏನೂ ಇರಲಿಲ್ಲ. ಈ ಕಿವಿಯ ಹಿಂದೆಯೂ ಇಲ್ಲ. ನೊರೆ ತಾಗಬಾರದೆಂದು ಮಾವ ಎರಡನ್ನೂ ಮೊದಲೇ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದರು. ಚಾರ್ಜಿಗೆ ಹಾಕಿದ ಡಬ್ಬಿ ಕಪಾಟಿನ ಮೇಲೆ ಹಸಿರು ದೀಪ ಮಿಟುಕಿಸುತ್ತಿತ್ತು.

ಏನು ಕೇಳಿದರೂ ಈಗ ಮಾವನಿಗೆ ಕೇಳುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ಗಡ್ಡ ಮುಂದೆ ಮಾಡಿದರು. ಪ್ರೊಫೆಸರ್ ಬ್ಲೇಡು ಎತ್ತಿಕೊಂಡು, ಬಾಯಿ ತೆರೆದುಕೊಂಡೇ, ಬಹಳ ಮೆಲ್ಲಗೆ, ಗಾಜನ್ನು ಒರೆಸುವವನಂತೆ ಕ್ಷೌರ ಮುಗಿಸಿದ.

ಅವನು ತಲೆಯಿಂದ ಬಾಲದವರೆಗೆ ಪೂರ್ತಿಯಾಗಿ ಕಂಡ ಅದ್ಭುತ ಜೀವಮಾನದಲ್ಲಿ ಅದೊಂದೇ. ಅದನ್ನು ಮಾತ್ರ ಅವನು ಅಂಗಡಿಯಲ್ಲಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.